ದುರ್ಬೀನಿನ ಕೆಂಪು ಚುಕ್ಕೆ

ಹೋದ ತಿಂಗಳು ನಮ್ಮ ರೈಫಲ್ ಕ್ಲಬ್ಬಿನಿಂದ ಫೋನು ಬಂತು. ಹಳೆಯ ದುರ್ಬೀನಿನ ಗಾಜಿನೊಳಗೆ ಬೂಷ್ಟು ಹಿಡಿದಿದೆಯಂತೆ, ಹೊಸದೊಂದು ಕೊಳ್ಳಬೇಕಂತೆ, ಆರಿಸುವುದಕ್ಕೆ ನಾನೂ ಹೈದರಾಬಾದಿಗೆ ಬರಬೇಕಂತೆ.

"ನೀವ ಬರಬೇಕ್ರಿ ಸರ್. ಮೊದಲಿಂದು ತರಾಕ ಉಸ್ತಾದರ ಸಂಗಟ ಹೋದವ್ರು ನೀವ ಅಲ್ಲೇನ್ರಿ?" ಎಂದರು ಫೋನು ಮಾಡಿದ ಹೆಣ್ಣುಮಗಳು. ಅವರು ನೀರಾವರಿ ಇಲಾಖೆಯಲ್ಲಿ ಇಂಜಿನಿಯರು. ಈಗ ಕ್ಲಬ್ಬಿನಲ್ಲಿ ಹೊಸಬರಿಗೆ ಕಲಿಸುವುದೂ ಅವರೇ.

ಹೋದದ್ದು ನಿಜ. ಆದರೆ ಟಿಕೆಟ್ ತೆಗೆಸಿದ್ದು, ಅಂಗಡಿ ಹುಡುಕಿದ್ದು ಬಿಟ್ಟರೆ ಅಲ್ಲಿ ನಾನು ಮಾಡಿದ್ದು ಹೆಚ್ಚೇನೂ ಇರಲಿಲ್ಲ. ಆರಿಸಿದವರು ಉಸ್ತಾದರು. ಅವರು ಸುರಪುರದಲ್ಲಿ ತೀರಿಕೊಂಡು ವರ್ಷವಾಗುತ್ತ ಬಂತು. ಬರುತ್ತೇನೆ ಎಂದು ಫೋನು ಇಟ್ಟಮೇಲೆ ಎರಡು ದಿನ ಅವರದೇ ನೆನಪು. ನೆನಪು ಎಂದರೆ ಹಿತವಾದದ್ದೇ ಆಗಬೇಕೆಂದೇನೂ ಇಲ್ಲವಲ್ಲ.

ಅವರ ಹೆಸರು ಬರೆಯುವುದಿಲ್ಲ. ಹೆಸರು ಹಿಡಿದು ಕರೆದವರನ್ನು ನಾನು ನೋಡಿಯೂ ಇಲ್ಲ. ಪೊಲೀಸ್ ಖಾತೆಯಲ್ಲಿ ಬಂದೂಕು ರಿಪೇರಿ ಮಾಡಿ ನಿವೃತ್ತರಾದವರು. ಕುಳ್ಳಗಿನ ಆಳು, ಎಣ್ಣೆಯ ಕಲೆ ಎಂದೂ ಹೋಗದ ಬೆರಳುಗಳು, ದಾರದಿಂದ ಕಟ್ಟಿದ ಕನ್ನಡಕ. ಬಂದೂಕಿನ ನಳಿಕೆಯೊಳಗೆ ಇಣುಕಿ ಇಣುಕಿ ಅವರ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುವುದನ್ನು ಕಲಿತುಬಿಟ್ಟಿತ್ತು. ಯಾರೊಡನೆ ಮಾತಾಡಿದರೂ ಒಂದು ಕಣ್ಣು ಮುಚ್ಚಿಯೇ. ಒಮ್ಮೆ ಸುರಪುರದ ಬಸ್ಸಿನಲ್ಲಿ ಯಾರೋ ಹೆಣ್ಣುಮಗಳು, "ವಯಸ್ಸಾಗ್ಯಾದ, ಕಣ್ಣ ಹೊಡಿತೀಯೇನೋ ಮುದುಕಾ" ಎಂದು ಚಪ್ಪಲಿಗೆ ಕೈ ಹಾಕಿದಳಂತೆ. ಇದನ್ನು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಹೇಳುವಾಗಲೂ ಎಡಗಣ್ಣು ಮುಚ್ಚಿಯೇ ಇರುತ್ತಿತ್ತು.

ನಾನು ಶಹಾಪುರದಲ್ಲಿ ಗಣಿತದ ಮಾಸ್ತರನಾಗಿದ್ದೆ. ಅಕ್ಷರ ದುಂಡಗಿವೆ ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಕ್ಲಬ್ಬಿನ ಕಾರ್ಯದರ್ಶಿ ಮಾಡಿದ್ದರು. ಶಹಾಪುರದಿಂದ ಸುರಪುರದ ಕಡೆ ಹೊರಟರೆ ದಾರಿಯ ಬದಿಯ ಬಂಡೆಗುಡ್ಡದ ಹಿಂದೆ ಒಂದು ಹಳೆಯ ಚಾಂದಮಾರಿ ಇದೆ. ಗುಂಡು ಹಾರಿಸಿ ಕಲಿಯುವ ಬಯಲಿಗೆ ನಮ್ಮ ಕಡೆ ಅದೇ ಹೆಸರು. ರವಿವಾರ ಅದನ್ನು ಕ್ಲಬ್ಬಿಗೆ ಬಿಟ್ಟುಕೊಡುತ್ತಿದ್ದರು. ಮಲಗಿ ಹೊಡೆಯುವ ಕಟ್ಟೆಯಿಂದ ಗುರಿ ಫಲಕಕ್ಕೆ ಮುನ್ನೂರು ಮೀಟರು, ನಡುವೆ ಬರೀ ಕಲ್ಲುನೆಲ. ಫಲಕದ ಕೆಳಗೆ ಆಳುದ್ದ ಕಂದಕ. ಅದರೊಳಗೆ ಕುಳಿತವರು ಒಂದೊಂದು ಗುಂಡು ಬಿದ್ದಾಗಲೂ ಫಲಕವನ್ನು ಕೆಳಗಿಳಿಸಿ, ತೂತಿಗೆ ಕಿತ್ತಳೆ ಬಣ್ಣದ ಬಿಲ್ಲೆ ಸಿಕ್ಕಿಸಿ, ಮತ್ತೆ ಮೇಲೆತ್ತುತ್ತಿದ್ದರು. ಆ ಬಿಲ್ಲೆ ಎಲ್ಲಿದೆ ಎಂದು ಕಟ್ಟೆಯಿಂದ ನೋಡುವುದಕ್ಕೆ ದುರ್ಬೀನು. ಹಾಗೆಂದು ನಾನು ತಿಳಿದಿದ್ದೆ.

ಉಸ್ತಾದರು ಮೊದಲ ಬಸ್ಸಿಗೆ ಸುರಪುರದಿಂದ ಬಂದಿಳಿಯುತ್ತಿದ್ದರು. ಗುಂಡಿನ ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿ, ಮೇಲೊಂದು ಗೋಣಿಚೀಲ ಹಾಸಿ, ಹೊಡೆಯುವವರ ಬಲಕ್ಕೆ ಕುಳಿತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಅವರು ತಾವಾಗಿ ಒಂದು ಗುಂಡು ಹಾರಿಸಿದ್ದನ್ನು ನಾನು ಕಾಣೆ. ಕೇಳಿದರೆ, "ಹೊಡ್ಯಾವ್ರು ಮಸ್ತ್ ಮಂದಿ ಅದಾರ. ನೋಡಾವ ಒಬ್ಬ ಬ್ಯಾಡೇನ್ರಿ ಮಾಸ್ತರ್ರ?" ಎನ್ನುತ್ತಿದ್ದರು. ಯಾರಿಗೂ ಅಂಕ ಹೇಳುತ್ತಿರಲಿಲ್ಲ. ಎಷ್ಟು ಬಂತು ಉಸ್ತಾದ್ ಎಂದು ಹೊಡೆದವನು ತಲೆ ಎತ್ತಿದರೆ, "ಪೇಪರ್ ತಿದ್ದೂದು ಮಾಸ್ತರ್ರ ಕೆಲಸ. ನೀ ತಲಿ ಕೆಳಗ ಇಡು" ಎಂದು ಗದರುತ್ತಿದ್ದರು. ಗುಂಡು ಎತ್ತ ಹೋಯಿತು ಎಂಬುದನ್ನು ಮಾತ್ರ ಗಡಿಯಾರದ ಲೆಕ್ಕದಲ್ಲಿ ಹೇಳುತ್ತಿದ್ದರು. ಬಲಕ್ಕೆ ಹೋದರೆ ಮೂರು ಗಂಟೆ, ಎಡಕ್ಕೆ ಹೋದರೆ ಒಂಬತ್ತು.

ಫಲಕದ ಹತ್ತಿರ ಕಟ್ಟಿದ್ದ ಕೆಂಪು ಬಾವುಟದ ಮೇಲೆ ಅವರಿಗೆ ವಿಶ್ವಾಸವಿರಲಿಲ್ಲ. ಗಾಳಿ ಬಂದು ಹೋದಮೇಲೆ ಅದು ಎಚ್ಚರಾಗುತ್ತದೆ ಎಂದು ಬೈಯುತ್ತಿದ್ದರು. ಅವರು ನಂಬಿದ್ದು ಬಿಸಿಲುಗುದುರೆಯನ್ನು. ಯಾದಗಿರಿ ಕಡೆಯ ಬಿಸಿಲಿನಲ್ಲಿ ಬೆಳೆದವರಿಗೆ ಅದನ್ನು ತೋರಿಸಿಕೊಡಬೇಕಿಲ್ಲ. ಟಾರು ರಸ್ತೆಯ ಮೇಲೆ, ತಗಡಿನ ಮೇಲೆ, ಕರಿನೆಲದ ಮೇಲೆ ನೀರು ಹರಿದಂತೆ ಅಲೆಯುವ ಝಳ. ಉಸ್ತಾದರು ಅದನ್ನು ಬರೀ ಕುದುರಿ ಅನ್ನುತ್ತಿದ್ದರು. "ಕುದುರಿ ಬಲಕ್ಕ ಓಡಾಕತ್ತಾವ, ತಡಿ. ಇನ್ನ ಜರಾ ತಡಿ. ನಿಂತ್ವು. ಹೊಡಿ." ಪಕ್ಕದಲ್ಲಿದ್ದ ನಮಗೆ ಇದು ಮುದುಕರ ಪಲ್ಲವಿಯಂತೆ ಕೇಳುತ್ತಿತ್ತು. ಮಲಗಿ ಗುರಿ ಹಿಡಿದವರಿಗೆ ಮಾತ್ರ ಅದರ ಬೆಲೆ ತಿಳಿದಿರಬೇಕು.

ಹತ್ತಿ ಮಿಲ್ಲಿನ ಮಾಲೀಕರೊಬ್ಬರು ಆಗ ಕ್ಲಬ್ಬಿನ ಅಧ್ಯಕ್ಷರು. ಅವರು ಉದಾರವಾಗಿ, ಒಳ್ಳೆಯ ದುರ್ಬೀನು ತನ್ನಿ ಎಂದು ನಮ್ಮಿಬ್ಬರನ್ನು ಕಳಿಸಿದರು. ನಾನು ಒಂದು ತಿಂಗಳು ಕೂತು ಕಂಪನಿಗಳ ಪುಸ್ತಿಕೆಗಳನ್ನೆಲ್ಲ ಓದಿದ್ದೆ. ಅರವತ್ತು ಪಟ್ಟು ಹಿಗ್ಗಿಸಿ ತೋರಿಸುವುದೇ ಬೇಕು ಎಂದು ತೀರ್ಮಾನ ಮಾಡಿಕೊಂಡೇ ಯಾದಗಿರಿಯಲ್ಲಿ ರೈಲು ಹತ್ತಿದ್ದೆ. ಗಣಿತ ಕಲಿಸಿದವನಿಗೆ ದೊಡ್ಡ ಸಂಖ್ಯೆ ಕಂಡರೆ ಒಂದು ನಂಬಿಕೆ. ಉಸ್ತಾದರು ದಾರಿಯುದ್ದಕ್ಕೂ ಕಿಟಕಿಯ ಹೊರಗೆ ನೋಡುತ್ತ ಕುಳಿತಿದ್ದರು.

ಅಂಗಡಿಯ ಒಳಗೆ ತಂಪು ಗಾಳಿ, ಗಾಜಿನ ಬೀರು. ಮಾರುವವನು ಅರವತ್ತರದನ್ನು ಮೇಜಿನ ಮೇಲಿಟ್ಟು, ರಸ್ತೆಯಾಚೆಯ ಹೋಟೆಲಿನ ಬೋರ್ಡು ತೋರಿಸಿದ. ಅಕ್ಷರದ ಮೇಲಿನ ಧೂಳೂ ಕಂಡಿತು. ನಾನು ಹಿಗ್ಗಿದೆ. ಉಸ್ತಾದರು ಅದಕ್ಕೆ ಕಣ್ಣನ್ನೇ ಕೊಡಲಿಲ್ಲ. ಮೊದಲು ಅದರ ಮುಕ್ಕಾಲಿಯ ಒಂದೊಂದು ಕಾಲನ್ನೂ ಹಿಡಿದು ಅಲ್ಲಾಡಿಸಿದರು. "ಇದರ ಕಾಲ ನಡಗತಾವ. ಕಣ್ಣ ಎಷ್ಟ ಛಲೋ ಇದ್ದರ ಏನ್ ಮಾಡೂದು?" ಆಮೇಲೆ ಮಾಳಿಗೆಗೆ ಒಯ್ಯಬೇಕೆಂದರು. ಅಂಗಡಿಯವನು ಒಪ್ಪಲಿಲ್ಲ. ಉಸ್ತಾದರು ಅವನ ಊರು, ಮನೆತನ, ಹಿರಿಯರ ಹೆಸರು ಎಲ್ಲ ಕೇಳಿ, ಉರ್ದುವಿನಲ್ಲಿ ಅರ್ಧ ಗಂಟೆ ಹರಟೆ ಹೊಡೆದು, ಎರಡು ಚಹಾ ಅವನದೇ ಲೆಕ್ಕದಲ್ಲಿ ಕುಡಿದು, ಕೊನೆಗೆ ಅವನ ಕೈಯಿಂದಲೇ ಮೂರು ದುರ್ಬೀನು ಹೊರಿಸಿಕೊಂಡು ಮಾಳಿಗೆ ಹತ್ತಿದರು.

ಹತ್ತಿದರೂ ಮಧ್ಯಾಹ್ನ ಹನ್ನೆರಡು ಹೊಡೆಯುವವರೆಗೆ ನೋಡಲಿಲ್ಲ. ನೀರಿನ ಟಾಕಿಯ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದರು. ನನಗೂ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟರು. "ಮುಂಜಾನಿ ಎಲ್ಲಾ ದುರ್ಬೀನೂ ಛಲೋನ ಇರತಾವ ಮಾಸ್ತರ್ರ. ನಮ್ಮ ಊರಾಗ ಹೊಡ್ಯಾಟ ನಡಿಯೂದು ಬಿಸಿಲಾಗ." ಬಿಸಿಲು ಏರಿದ ಮೇಲೆ ಅರವತ್ತರದಕ್ಕೆ ಕಣ್ಣಿಟ್ಟು ನನ್ನನ್ನು ಕರೆದರು. ಮುಂಜಾನೆ ಧೂಳು ಕಂಡ ಬೋರ್ಡು ಈಗ ಒಲೆಯ ಮೇಲಿನ ಅಂಬಲಿಯಂತೆ ಕೊತಕೊತ ಕುದಿಯುತ್ತಿತ್ತು. ಹೆಚ್ಚು ಹಿಗ್ಗಿಸಿದಷ್ಟೂ ಝಳವೂ ಹಿಗ್ಗುತ್ತದೆ ಎಂಬುದು ನಾನು ಓದಿದ ಯಾವ ಪುಸ್ತಿಕೆಯಲ್ಲಿಯೂ ಇರಲಿಲ್ಲ. ಅವರು ಆರಿಸಿದ್ದು ಮೂವತ್ತನ್ನೂ ಮುಟ್ಟದ, ಮುಂದಿನ ಗಾಜು ತಟ್ಟೆಯಷ್ಟು ಅಗಲವಿದ್ದ, ಕಣ್ಣಿಡುವ ಭಾಗ ಮೇಲಕ್ಕೆ ಬಾಗಿದ್ದ ಒಂದನ್ನು. ಕನ್ನಡಕ ತೆಗೆಯದೆ ನೋಡಬಹುದು, ಕುತ್ತಿಗೆ ಎತ್ತಬೇಕಿಲ್ಲ ಎಂದರು. ಬೋರ್ಡನ್ನು ನೋಡಿದ್ದು ಒಂದು ಕ್ಷಣ. ಉಳಿದ ಅರ್ಧ ಗಂಟೆ ಅವರು ನೋಡಿದ್ದು ನಡುವಿನ ತಗಡಿನ ಚಾವಣಿಗಳ ಮೇಲಿನ ಗಾಳಿಯನ್ನು. ಇದೇನು ನೋಡುತ್ತೀರಿ ಎಂದು ಕೇಳಬೇಕಿತ್ತು. ಅರವತ್ತರದು ತಪ್ಪಿಹೋಯಿತಲ್ಲ ಎಂಬ ಮುನಿಸಿನಲ್ಲಿ ನಾನು ಕೇಳಲಿಲ್ಲ.

ಊರಿಗೆ ಬಂದಮೇಲೆ ಅವರ ಹೆಂಡತಿ ಹಳೆಯ ಕೌದಿಯ ತುಂಡಿನಿಂದ ದುರ್ಬೀನಿಗೆ ಅಂಗಿ ಹೊಲಿದುಕೊಟ್ಟರು. ನೋಟ ಹೊಂದಿಸುವ ಬಳೆಯ ಮೇಲೆ ಉಸ್ತಾದರು ಎರಡು ಚುಕ್ಕೆ ಇಟ್ಟರು. ಒಂದು ಬಿಳಿಯದು, ಬಂದೂಕಿಗೆ ಬಳಿಯುವ ಬಣ್ಣದ್ದು. ಇನ್ನೊಂದು ಕೆಂಪು, ಮಗಳ ಉಗುರುಬಣ್ಣದ್ದು. ಮುಂಜಾನೆ ಬಿಳಿಗೆ ತಿರುಗಿಸುತ್ತಿದ್ದರು. ಬಿಸಿಲೇರಿದ ಮೇಲೆ ಕೆಂಪಿಗೆ.

ಆ ಇಂಜಿನಿಯರು ಕ್ಲಬ್ಬಿಗೆ ಬಂದದ್ದು ಅದೇ ವರ್ಷ. ಆಗ ಕಿರಿಯ ಇಂಜಿನಿಯರು, ನಾರಾಯಣಪುರದ ಕ್ವಾರ್ಟರ್ಸಿನಲ್ಲಿದ್ದರು. ಕಾಲುವೆಯ ಮಟ್ಟ ಅಳೆಯುವ ಉಪಕರಣದಲ್ಲಿ ದಿನವಿಡೀ ಕಣ್ಣಿಟ್ಟು ಅಭ್ಯಾಸವಿದ್ದ ಹೆಣ್ಣುಮಗಳು. ರವಿವಾರ ಬೆಳಗಾಗುವುದರೊಳಗೆ ಸ್ಕೂಟಿಯ ಮೇಲೆ ಬಂದಿರುತ್ತಿದ್ದರು. ಮಾತು ಕಡಿಮೆ. ಎರಡೇ ತಿಂಗಳಲ್ಲಿ ನಮ್ಮಲ್ಲಿ ಹತ್ತು ವರ್ಷ ಹೊಡೆದವರನ್ನೆಲ್ಲ ಹಿಂದೆ ಹಾಕಿದರು. ಉಸ್ತಾದರು ಅವರನ್ನು ಬೇಟಾ ಎನ್ನುತ್ತಿದ್ದರು. "ಈಕಿಗೆ ಸಬೂರಿ ಅದ. ಈಕಿನ್ನ ಸ್ಟೇಟಿಗೆ ಕಳಸದ ನಾ ಈ ಪೆಟಗಿ ಬಿಟ್ಟ ಏಳಂಗಿಲ್ಲ" ಎಂದು ಅಧ್ಯಕ್ಷರ ಮುಂದೆಯೇ ಹೇಳಿದ್ದರು. ಅವರಿಬ್ಬರಿಗೂ ಬೇಕಾಗಿದ್ದದ್ದು ಅದೊಂದೇ. ಆಕೆಗೆ ಮುಂದಿನ ಬೇಸಿಗೆಯ ಹೊತ್ತಿಗೆ ವರ್ಗವಾಗುವುದಿತ್ತು. ವಿಭಾಗ ಮಟ್ಟದ ಆಯ್ಕೆ ಪಂದ್ಯ ಅದಕ್ಕೆ ಮೊದಲು ನಮ್ಮ ಚಾಂದಮಾರಿಯಲ್ಲಿಯೇ ನಡೆಯುವುದಿತ್ತು. ತಪ್ಪಿದರೆ ಮತ್ತೆ ಯಾವ ಊರು, ಯಾವ ಬಯಲು ಎಂದು ಹೇಳುವವರಿರಲಿಲ್ಲ.

ಪಂದ್ಯಕ್ಕೆ ಒಂದೂವರೆ ತಿಂಗಳಿರುವಾಗ ನಾನು ನನ್ನ ಕೆಲಸ ಮಾಡಿದೆ.

ಒಂದು ರವಿವಾರ ಹನ್ನೊಂದರ ಹೊತ್ತಿಗೆ ಉಸ್ತಾದರು ನೀರು ಕುಡಿಯಲು ಎದ್ದರು. ನಾನು ಸುಮ್ಮನೆ ಅವರ ಪೆಟ್ಟಿಗೆಯ ಮೇಲೆ ಕುಳಿತು ದುರ್ಬೀನಿಗೆ ಕಣ್ಣಿಟ್ಟೆ. ಫಲಕ ಕಾಣಲಿಲ್ಲ. ಕಂಡದ್ದು ಮಜ್ಜಿಗೆಯಲ್ಲಿ ಅದ್ದಿ ತೆಗೆದಂಥ ಒಂದು ಬಿಳುಪು, ನಡುವೆ ಕಪ್ಪು ಮಬ್ಬು. ಬಿಲ್ಲೆಯ ಸುಳಿವೇ ಇಲ್ಲ. ಬಳೆಯನ್ನು ಸ್ವಲ್ಪ ತಿರುಗಿಸಿದೆ. ಫಲಕ ನಡುಗುತ್ತಲೇ ಎದ್ದು ಬಂತು, ಬಿಲ್ಲೆಯೂ ಕಂಡಿತು. ಮತ್ತೆ ಇದ್ದ ಹಾಗೆಯೇ ಕೆಂಪು ಚುಕ್ಕೆಗೆ ತಿರುಗಿಸಿ ಎದ್ದುಬಿಟ್ಟೆ. ಮುಂದಿನ ವಾರವೂ ನೋಡಿದೆ, ಹಾಗೆಯೇ ಇತ್ತು. ಮುದುಕರ ಕಣ್ಣು ಹೋಗಿದೆ, ಮಬ್ಬನ್ನೇ ಫಲಕ ಎಂದುಕೊಂಡು ಕುಳಿತಿದ್ದಾರೆ, ಬಾಯಿಗೆ ಬಂದದ್ದು ಹೇಳುತ್ತಿದ್ದಾರೆ ಎಂದು ನಿಶ್ಚಯಿಸಿದೆ.

ಆದರೂ ಮಾಸ್ತರ ನೋಡಿ, ಪರೀಕ್ಷೆ ಮಾಡದೆ ಫಲಿತಾಂಶ ಹೇಳುವಂತಿಲ್ಲ. ಕಂದಕದವರಿಗೆ ಹೇಳಿ, ಗುಂಡು ಹಾರದಿದ್ದರೂ ಫಲಕದ ಎಡ ಮೂಲೆಗೆ ಒಂದು ಬಿಲ್ಲೆ ಸಿಕ್ಕಿಸಿ ಎತ್ತಿಸಿದೆ. ಉಸ್ತಾದರ ಪಕ್ಕ ನಿಂತು, "ಬಿಲ್ಲಿ ಎಲ್ಲಿ ಅದ ಉಸ್ತಾದ್?" ಎಂದೆ. ಅವರು ದುರ್ಬೀನಿನಿಂದ ಮುಖ ತೆಗೆದು ನನ್ನನ್ನು ನೋಡಿದರು. ಅಂದು ಮಾತ್ರ ಎರಡೂ ಕಣ್ಣು ತೆರೆದಿದ್ದವು.

"ಕಾಗದ ನೋಡೂದು ನನ್ನ ಕೆಲಸ ಅಲ್ರಿ ಮಾಸ್ತರ್ರ" ಎಂದರು.

ಉತ್ತರ ಗೊತ್ತಿಲ್ಲದ ಹುಡುಗರು ಹೀಗೆಯೇ ಮಾತು ತಿರುಗಿಸುವುದನ್ನು ನಾನು ಎಷ್ಟು ವರ್ಷ ಕಂಡಿಲ್ಲ! ನನಗೆ ಹೊಳೆಯಬೇಕಾಗಿದ್ದ ಒಂದು ವಿಷಯ ಹೊಳೆಯಲೇ ಇಲ್ಲ. ಆ ಹೆಣ್ಣುಮಗಳು ಹೊಡೆದ ಮರುಗಳಿಗೆಗೆ ಅವರು ಎರಡೂವರೆ ಗಂಟೆ, ಹತ್ತು ಗಂಟೆ ಎಂದು ಹೇಳುತ್ತಿದ್ದರಲ್ಲ, ಆಗ ಫಲಕ ಇನ್ನೂ ಕಂದಕದಲ್ಲಿಯೇ ಇರುತ್ತಿತ್ತು. ಅದು ಮೇಲೆ ಬಂದಾಗ ಬಿಲ್ಲೆ ಅವರು ಹೇಳಿದಲ್ಲಿಯೇ ಇರುತ್ತಿತ್ತು. ಇಲ್ಲದ ಫಲಕವನ್ನು ಕುರುಡನೂ ನೋಡಲಾರ, ಕಣ್ಣಿದ್ದವನೂ ನೋಡಲಾರ. ಹಾಗಾದರೆ ಇವರು ನೋಡುತ್ತಿರುವುದು ಏನನ್ನು? ಗಣಿತದ ಮಾಸ್ತರನ ತಲೆಗೆ ಇಷ್ಟು ಲೆಕ್ಕ ಹತ್ತಲಿಲ್ಲ.

ಕಮಿಟಿಯಲ್ಲಿ ನಾನು ಬಹಳ ಸಭ್ಯವಾಗಿ ವಿಷಯ ಇಟ್ಟೆ. ವಯಸ್ಸು, ಬಿಸಿಲು, ಆರೋಗ್ಯ ಎಂದೆ. ಕಣ್ಣಿನ ಮಾತು ಕೊನೆಗೆ ತಂದೆ. ಹೆಣ್ಣುಮಗಳ ಭವಿಷ್ಯದ ಪ್ರಶ್ನೆ ಎಂದೂ ಸೇರಿಸಿದೆ. ಅಧ್ಯಕ್ಷರು ನಿಟ್ಟುಸಿರು ಬಿಟ್ಟು ಒಪ್ಪಿದರು. ಮುಂದಿನ ರವಿವಾರವೇ ಚಾಂದಮಾರಿಯ ಬೇವಿನ ಗಿಡದ ಕೆಳಗೆ ಸತ್ಕಾರ. ಶಾಲು, ಹಾರ, ತೆಂಗಿನಕಾಯಿ. ಭಾಷಣ ನನ್ನದೇ. ಉಸ್ತಾದರದು ಹದ್ದಿನ ಕಣ್ಣು ಎಂದು ನಾನು ಆ ಭಾಷಣದಲ್ಲಿ ಹೇಳಿದೆ. ಈಗ ನೆನೆದರೂ ಮೈ ಹಿಡಿಯಾಗುತ್ತದೆ. ಅವರು ಎಡಗಣ್ಣು ಮುಚ್ಚಿ ನಕ್ಕರು. ಆ ಹೆಣ್ಣುಮಗಳು ಚಪ್ಪಾಳೆ ತಟ್ಟಲಿಲ್ಲ.

ದುರ್ಬೀನನ್ನು ಕೌದಿಯ ಅಂಗಿಯ ಸಮೇತ ನನ್ನ ಕೈಗೆ ಕೊಡುವಾಗ ಉಸ್ತಾದರು, "ಗುರತ ಹಾಕೀನ್ರಿ, ಅವನ್ನ ನೋಡಕೋರಿ" ಎಂದಷ್ಟೇ ಹೇಳಿದರು. ನಾನು ಹೂಂ ಅಂದೆ. ಮನೆಗೆ ತಂದು, ಬಾಗಿಲು ಹಾಕಿಕೊಂಡು, ಸ್ಪಿರಿಟ್ಟಿನಲ್ಲಿ ಅರಿವೆ ಅದ್ದಿ ದುರ್ಬೀನನ್ನು ಮೂಲೆಮೂಲೆ ಒರೆಸಿದೆ. ಬಿಳಿ ಚುಕ್ಕೆ ಬೇಗ ಹೋಯಿತು. ಕೆಂಪು ಚುಕ್ಕೆಗೆ ಉಗುರು ಹಾಕಬೇಕಾಯಿತು. ಕಣ್ಣಿಲ್ಲದವರ ಊರುಗೋಲು ನಮಗೇಕೆ ಎಂಬ ಭಾವ. ಈ ವಿಷಯ ನಾನು ಹೆಂಡತಿಗೂ ಹೇಳಲಿಲ್ಲ. ಹೇಳುವಂಥ ವಿಷಯ ಎಂದು ಆಗ ಅನ್ನಿಸಲೂ ಇಲ್ಲ.

ನಮ್ಮ ಭಾಗದ ಪಂದ್ಯಗಳಲ್ಲಿ ಹೊಡೆಯುವವರ ಪಕ್ಕ ದುರ್ಬೀನು ಹಿಡಿದು ಒಬ್ಬರು ಕೂರಬಹುದಿತ್ತು. ಆಯ್ಕೆ ಪಂದ್ಯದ ದಿನ ನಾನೇ ಕುಳಿತೆ. ಉಸ್ತಾದರೂ ಬಂದಿದ್ದರು. ಹೆಗಲ ಮೇಲೆ ನಾವು ಹೊದಿಸಿದ ಶಾಲು, ಬೇವಿನ ಗಿಡದ ಕೆಳಗೆ ಪ್ರೇಕ್ಷಕರ ಸಾಲಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ. ಮುಂಜಾನೆಯ ಸುತ್ತು ಸೊಗಸಾಗಿ ಹೋಯಿತು. ಆಕೆ ಎಲ್ಲರಿಗಿಂತ ಮುಂದಿದ್ದರು. ನಾನು ಒಂದೊಂದು ಬಿಲ್ಲೆಯನ್ನೂ ನಿಚ್ಚಳವಾಗಿ ನೋಡಿ, ಎಲ್ಲಿದೆ, ಎಷ್ಟು ಅಂಕ ಎಂದು ಹೇಳಿದೆ. ಅಂಕ ಹೇಳಿದಾಗಲೆಲ್ಲ ಆಕೆಯ ಕುತ್ತಿಗೆ ಸ್ವಲ್ಪ ಬಿಗಿಯುತ್ತಿತ್ತು. ಅದನ್ನೂ ನಾನು ಉತ್ಸಾಹ ಎಂದೇ ತಿಳಿದೆ.

ಹನ್ನೊಂದಾಯಿತು. ಕಲ್ಲುನೆಲ ಕಾದಿತ್ತು. ಆಕೆ ಬಂದೂಕಿನಿಂದ ಕೆನ್ನೆ ತೆಗೆಯದೆ ಮೆಲ್ಲಗೆ ಕೇಳಿದರು: "ಸರ್, ಕುದುರಿ ಎತ್ತಾಗ ಓಡಾಕತ್ತಾವ್ರಿ?"

ದುರ್ಬೀನಿನಲ್ಲಿ ನನಗೆ ಫಲಕ ಕಾಣುತ್ತಿತ್ತು. ಅದು ನಡುಗುತ್ತಿತ್ತು ಎನ್ನುವುದೂ ಕಾಣುತ್ತಿತ್ತು. ಎತ್ತ ಎಂದರೆ ಏನು ಹೇಳಲಿ? ಬಾವುಟ ನೋಡಿದೆ, ಜೋತುಬಿದ್ದಿತ್ತು.

"ಬಾವುಟ ಸುಮ್ಮನ ಅದ. ಹೊಡಿ" ಎಂದೆ.

ಹೊಡೆದರು. ಫಲಕ ಇಳಿದು ಎದ್ದಿತು. ಬಿಲ್ಲೆ ಬಲಕ್ಕೆ, ಅಂಚಿನ ಹತ್ತಿರ. "ಮೂರು ಗಂಟೆ, ಏಳು ಅಂಕ" ಎಂದೆ. ಆಕೆ ಗುರಿಯನ್ನು ಎಡಕ್ಕೆ ತಿದ್ದಿಕೊಂಡರು. ಅಷ್ಟರಲ್ಲಿ ಗಾಳಿ ನಿಂತಿರಬೇಕು, ಮುಂದಿನದು ಎಡಕ್ಕೆ ಬಿತ್ತು. ಒಂಬತ್ತು ಗಂಟೆ ಎಂದೆ. ಮತ್ತೆ ತಿದ್ದಿದರು, ಮತ್ತೆ ಗಾಳಿ ಬಂತು. ಹೀಗೆ ಗಾಳಿ ಹೋದಮೇಲೆ ಅದರ ಬೆನ್ನು ಹತ್ತಿ ನಾವಿಬ್ಬರೂ ಒಂದು ಸುತ್ತು ಮುಗಿಸಿದೆವು. ಆಕೆಯ ಒಂದೊಂದು ತಪ್ಪನ್ನೂ ನಾನು ಬಹಳ ಸ್ಪಷ್ಟವಾಗಿ ನೋಡಿದೆ. ತಪ್ಪಾಗುವ ಮೊದಲು ನೋಡಬೇಕಾದದ್ದು ಮಾತ್ರ ನನಗೆ ಕಾಣಲಿಲ್ಲ. ಎರಡು ಅಂಕದಲ್ಲಿ ಆಯ್ಕೆ ತಪ್ಪಿತು.

ಆಕೆ ಎದ್ದು ಬಂದೂಕು ಎತ್ತಿಕೊಂಡರು. ಬೇವಿನ ಗಿಡದ ಹತ್ತಿರ ಚಾಪೆ ಹಾಸಿ, ಬಂದೂಕಿನ ನಳಿಕೆಗೆ ಕೋಲು ಹಾಕಿ ಒರೆಸತೊಡಗಿದರು. ನಾನು ಉಸ್ತಾದರ ಕುರ್ಚಿಯ ಬಳಿ ಹೋಗಿ ನಿಂತೆ. ಏನು ಕೇಳಲು ಹೋಗಿದ್ದೆನೋ ತಿಳಿಯದು. ಬಾಯಿಂದ ಬಂದದ್ದು, "ಎಲ್ಲಾ ಬರೋಬ್ಬರಿ ಕಾಣಾಕತ್ತಿತ್ತು ಉಸ್ತಾದ್" ಎಂದು.

"ಕಾಗದ ಕಾಣತಿತ್ತು" ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ಗಾಳಿ ಇರೂದು ಕಾಗದದಾಗಲ್ರಿ, ನಡುವ. ನೋಟ ಜರಾ ಹಿಂದಕ್ಕ ತರಬೇಕು. ಕಾಗದ ಮಬ್ಬ ಆಗತದ, ಆಗಲಿ. ಆವಾಗ ಕುದುರಿ ಕಾಣತಾವ. ಗುಂಡ ಹೋಗೂ ದಾರಿನೂ ಅದರಾಗ ಗೀರ ಎಳದಂಗ ಕಾಣತದ. ಕೆಂಪು ಗುರತ ಅದಕ್ಕ ಹಾಕಿದ್ದೆ."

ಅವರೇ ಮುಂದುವರಿಸಿದರು.

"ನೀವ ಹೇಳಿದ್ದೂ ಸುಳ್ಳಲ್ಲ. ನನ್ನ ಕಣ್ಣ ಹೋಗ್ಯಾವ. ಎರಡು ವರ್ಷಾತು, ಬಿಲ್ಲಿ ಕಾಣವಲ್ದು ನನಗ. ಗಾಳಿ ಇನ್ನಾ ಕಾಣತದ."

"ನನಗ ಯಾಕ ಹೇಳಲಿಲ್ರಿ?"

"ನೀವ ಬಿಲ್ಲಿ ಎಲ್ಲಿ ಅದ ಅಂತ ಕೇಳಿದ್ರಿ. ಏನ್ ನೋಡತೀರಿ ಅಂತ ಕೇಳಿದ್ದರ ಹೇಳತಿದ್ದೆ."

ಮುಂದಿನ ವಾರದಿಂದ ಮತ್ತೆ ಬಂದು ಕೂರಿ ಎಂದು ಕೈ ಹಿಡಿದುಕೊಂಡೆ. ಅವರು ಹೆಗಲ ಮೇಲಿನ ಶಾಲನ್ನು ಸರಿಮಾಡಿಕೊಂಡರು. "ಮಂದಿ ಮುಂದ ಶಾಲ ಹೊಚ್ಚಿ ಕಳಿಸೀರಿ ಮಾಸ್ತರ್ರ. ಹೊತ್ತಕೊಂಡ ಮ್ಯಾಲೆ ತಿರುಗಿ ಆ ಪೆಟಗಿ ಮ್ಯಾಲೆ ಹೆಂಗ ಕುಂದರ್ಲಿ?" ಎಂದರು. ಸತ್ಕಾರ ಮಾಡಿಸಿಕೊಂಡವರು ಅದೇ ಕೆಲಸಕ್ಕೆ ಮರಳುವುದು ನಮ್ಮ ಕಡೆ ಮರ್ಯಾದೆಯಲ್ಲ. ಇದು ಗೊತ್ತಿದ್ದೇ ಶಾಲು ತರಿಸಿದವನು ನಾನು. ಹೊರಡುವಾಗ ಅವರು ಇನ್ನೊಂದು ಕೇಳಿದರು.

"ಗುರತ ಅದಾವ ಅಲ್ರಿ? ಹೋಗಿಲ್ಲಲ್ಲ?"

"ಅದಾವ್ರಿ ಉಸ್ತಾದ್. ಹಂಗ ಅದಾವ" ಎಂದೆ.

ನಾಲ್ಕು ಹೆಜ್ಜೆ ಆಚೆ ಆ ಹೆಣ್ಣುಮಗಳು ತಲೆ ತಗ್ಗಿಸಿ ನಳಿಕೆ ಒರೆಸುತ್ತಿದ್ದರು. ಕೋಲು ಒಂದು ಕ್ಷಣ ನಿಂತಿತು, ಮತ್ತೆ ಆಡಿತು. ಆ ಮಾತು ಅವರ ಕಿವಿಗೆ ಬಿದ್ದಿಲ್ಲ ಎಂದು ನಾನು ಇಷ್ಟು ವರ್ಷ ನಂಬಿಕೊಂಡು ಬಂದೆ.

ಆಮೇಲೆ ಉಸ್ತಾದರು ಚಾಂದಮಾರಿಗೆ ಬರಲಿಲ್ಲ. ಆಕೆಗೆ ವರ್ಗವಾಯಿತು. ರಾಜ್ಯದ ಪಂದ್ಯಕ್ಕೆ ಆಕೆ ಹೋದದ್ದೇ ಇಲ್ಲ. ಹಲವು ವರ್ಷದ ಮೇಲೆ ಬಡ್ತಿಯ ಮೇಲೆ ಮತ್ತೆ ಈ ಕಡೆ ಬಂದವರು, ಕ್ಲಬ್ಬಿಗೂ ಬಂದರು, ಹೊಡೆಯಲು ಅಲ್ಲ, ಕಲಿಸಲು. ಕಾರ್ಯದರ್ಶಿಯ ಕೆಲಸವನ್ನು ನಾನು ಅಷ್ಟರಲ್ಲಿ ಬಿಟ್ಟಿದ್ದೆ. ಉಸ್ತಾದರನ್ನು ಸುರಪುರದ ಬಜಾರಿನಲ್ಲಿ ಎರಡು ಸಲ ಕಂಡೆ. ಒಮ್ಮೆ ಗಾಂಧಿ ಟೋಪಿಯ ಯಾರೊಡನೆಯೋ ಚಹಾ ಕುಡಿಯುತ್ತ ನಿಂತಿದ್ದರು. ನನ್ನ ದನಿ ಕೇಳಿ ಗುರುತು ಹಿಡಿದರು, ಮುಖ ಕಂಡಲ್ಲ. ಆದರೂ ಟಾರು ರಸ್ತೆಯ ಕಡೆ ಗದ್ದ ಎತ್ತಿ, "ಇವತ್ತ ಎಡಕ್ಕ ಜೋರ ಅದ ನೋಡ್ರಿ" ಎಂದರು. ಅಂದೇ ನಿಜ ಹೇಳಿ ಕೈ ಮುಗಿದುಬಿಡಬಹುದಿತ್ತು. ಬಸ್ಸಿಗೆ ಹೊತ್ತಾಯಿತು ಎಂದೆ. ಅವರು ತೀರಿಕೊಂಡ ಸುದ್ದಿ ಸಮಯಕ್ಕೆ ಸರಿಯಾಗಿಯೇ ಬಂದಿತ್ತು. ನಾನು ಮಣ್ಣಿಗೆ ಹೋಗಲಿಲ್ಲ. ಮೊಣಕಾಲು ನೋವು ಎಂದು ಹೇಳಿ ಕಳಿಸಿದೆ. ನೋವು ಇದ್ದದ್ದು ನಿಜ, ಆದರೆ ಹೋಗದಿದ್ದುದಕ್ಕೆ ಅದು ಕಾರಣವಲ್ಲ.

ಹೋದ ವಾರ ಇಂಜಿನಿಯರು ಮೇಡಂ ಜೊತೆ ಹೈದರಾಬಾದಿಗೆ ಹೋದೆ. ಆ ಹಳೆಯ ಅಂಗಡಿ ಈಗಿಲ್ಲ, ಅದೇ ಸಾಲಿನಲ್ಲಿ ಬೇರೊಂದು. ಮಾರುವ ತರುಣ ನೂರು ಮಾತಾಡುವವನು. ಮೇಡಂ ಅವನಿಗೆ ಹೆಚ್ಚು ಆಡಗೊಡಲಿಲ್ಲ. ಮೊದಲು ಮುಕ್ಕಾಲಿಯ ಕಾಲು ಹಿಡಿದು ಅಲ್ಲಾಡಿಸಿದರು. ಆಮೇಲೆ ಮಾಳಿಗೆ. ಹನ್ನೆರಡರವರೆಗೆ ನೆರಳಿನಲ್ಲಿ ಕುಳಿತೆವು. ಬುತ್ತಿ ಅವರೇ ತಂದಿದ್ದರು.

ಬಿಸಿಲೇರಿದ ಮೇಲೆ ಅಗಲ ಬಾಯಿಯ, ಕಡಿಮೆ ಹಿಗ್ಗಿಸುವ ಒಂದನ್ನು ಹೂಡಿ, ದೂರದ ನೀರಿನ ಟಾಕಿಗೆ ನೋಟ ಹೊಂದಿಸಿದರು. ಬಳೆಯನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ, ನನ್ನನ್ನು ಕರೆದರು. ಕಣ್ಣಿಟ್ಟೆ. ಟಾಕಿ ಮಜ್ಜಿಗೆಯಲ್ಲಿ ಅದ್ದಿದಂತೆ ಮಬ್ಬಾಗಿತ್ತು. ಕೈ ಅಭ್ಯಾಸಬಲದಿಂದ ಬಳೆಯ ಕಡೆ ಹೋಯಿತು. ತಡೆದುಕೊಂಡೆ. ಸ್ವಲ್ಪ ಹೊತ್ತು ಹಾಗೆಯೇ ನೋಡುತ್ತಿದ್ದಂತೆ ಮಬ್ಬಿನ ಮುಂದೆ ಸಣ್ಣ ಸಣ್ಣ ಅಲೆ ಎದ್ದವು. ಎಲ್ಲವೂ ಒಂದೇ ದಿಕ್ಕಿಗೆ, ಎಡದಿಂದ ಬಲಕ್ಕೆ, ಬಿಡುವಿಲ್ಲದೆ ಓಡುತ್ತಿದ್ದವು. ಒಂದು ಗಳಿಗೆ ನಿಂತವು. ನಿಂತಲ್ಲಿಯೇ ಕುಣಿದವು. ಮತ್ತೆ ಓಡಿದವು. ಇಷ್ಟು ವರ್ಷ ಬಂದೂಕಿನ ಸುತ್ತ ಓಡಾಡಿದವನು ಅವನ್ನು ನೋಡಿದ್ದು ಅದೇ ಮೊದಲು.

ಫೋಕಸ್ ತಪ್ಪಿದೆ ಅಂಕಲ್, ಸರಿಮಾಡಿ ಕೊಡುತ್ತೇನೆ ಎಂದು ಹಿಂದಿಯಲ್ಲಿ ಹೇಳುತ್ತ ಆ ತರುಣ ಕೈ ಚಾಚಿದ. ಮೇಡಂ ಅವನ ಕೈಗೆ ತಮ್ಮ ಕೈ ಅಡ್ಡ ಹಿಡಿದು, ಇದನ್ನೇ ಕೊಡಿ, ಬಿಲ್ ಮಾಡಿ ಎಂದರು. ಅವನು ಇಳಿದು ಹೋದ.

ಅವರು ಚೀಲದ ಒಳಜೇಬಿನಿಂದ ಚಿಕ್ಕ ಶೀಶೆಯೊಂದನ್ನು ತೆಗೆದರು. ಕೆಂಪು ಉಗುರುಬಣ್ಣ. ಅವರ ಉಗುರುಗಳಿಗೆ ಬಣ್ಣ ಹಚ್ಚಿದ್ದನ್ನು ನಾನು ಎಂದೂ ನೋಡಿಲ್ಲ. ಮೊಣಕಾಲೂರಿ ಕುಳಿತು, ಬಳೆ ಅಲುಗದಂತೆ ಎಡಗೈಯಲ್ಲಿ ಹಿಡಿದು, ಕುಂಚದ ತುದಿಯಿಂದ ಒಂದು ಚುಕ್ಕೆ ಇಟ್ಟರು. ಅದು ಆರಲೆಂದು ಬಾಗಿ ಉಫ್ ಉಫ್ ಎಂದು ಊದಿದರು. ತಲೆ ಎತ್ತಲಿಲ್ಲ.

"ಇದನ್ನ ಒರಸಬ್ಯಾಡ್ರಿ ಸರ್" ಎಂದರು.

"ಇಲ್ಲ ತಂಗಿ" ಎಂದೆ.